ಬಸ್ಸಿನ ಮೆಟ್ಟಿಲೂ ತೆಳ್ಳಗಾಗುವ ಪುಡಿಯೂ

ಸ್ಫೂರ್ತಿ, ಮನೋಜ, ನಿಮ್ಮ ಅಜ್ಜಿ ನಾಲ್ಕು ಜನರೆದುರು ಬಾಯಿ ಬಿಡುವವಳಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದರೂ ಲಂಗದ ಅಂಚು ಸುರುಳಿ ಸುತ್ತುತ್ತ ನಿಂತಿರುತ್ತಿದ್ದೆ. ಬಾಯಲ್ಲಿ ಹೇಳಲಾಗದ್ದನ್ನು ಹೀಗೆ ಬರೆದಿಡುತ್ತಿದ್ದೇನೆ. ಒಂದು ಮಾತು ಮಾತ್ರ ಅನುಭವದಿಂದ ಹೇಳಬಲ್ಲೆ: ನಾಚಿಕೆ ಸ್ವಭಾವದವರು ದಪ್ಪಗಿರಬಾರದು. ಯಾರ ಕಣ್ಣಿಗೂ ಬೀಳದಂತೆ ಮೂಲೆಯಲ್ಲಿ ಕೂರೋಣವೆಂದರೆ ಮೂಲೆಯೇ ಸಾಲುವುದಿಲ್ಲ.

ನನ್ನ ತೂಕದ ಬಗ್ಗೆ ನನ್ನದೇನೂ ದೂರಿರಲಿಲ್ಲ. ದೂರು ಬಂದದ್ದು ಕುರುಗೋಡಿನ ಬಸ್ಸಿನಿಂದ. ಕುರುಗೋಡಿನಲ್ಲಿ ನನ್ನ ಅಕ್ಕ ನೀಲಮ್ಮ ಇದ್ದಾಳಲ್ಲ, ಆಕೆಯ ಎಮ್ಮೆ ಬೇರೆ ಯಾರು ಹಿಂಡಲು ಕೂತರೂ ಹಾಲು ಇಳಿಸುವುದಿಲ್ಲ. ಹಾಗಾಗಿ ಅಕ್ಕ ಊರು ಬಿಡುವುದಿಲ್ಲ, ಬಳ್ಳಾರಿಯಿಂದ ನಾನೇ ಹೋಗಿ ಬರಬೇಕು. ನಿಮ್ಮ ಅಜ್ಜ ಇದ್ದಾಗ ಅವರು ಮೊದಲು ಬಸ್ಸು ಹತ್ತಿ ಕೈ ನೀಡುತ್ತಿದ್ದರು, ನಾನು ಹಿಡಿದು ಏರಿಬಿಡುತ್ತಿದ್ದೆ. ಬಸ್ಸಿನ ಮೆಟ್ಟಿಲು ಅಷ್ಟು ಎತ್ತರ ಎಂಬುದೇ ಅವರಿರುವತನಕ ನನಗೆ ತಿಳಿಯಲಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಕಾಲು ಮೇಲಿಟ್ಟೆ, ಇನ್ನೊಂದು ನೆಲ ಬಿಡಲಿಲ್ಲ. ಮೇಲಿನಿಂದ ಒಬ್ಬಾಕೆ ಕೈ ಹಿಡಿದು ಎಳೆದಳು, ಕೆಳಗಿನಿಂದ ಇಬ್ಬರು ನೂಕಿದರು. ಕಂಡಕ್ಟರು, "ತಡೀರಿ, ಅಮ್ಮಾರು ಇನ್ನಾ ಅರ್ಧಾ ಹತ್ಯಾರ" ಎಂದು ಡ್ರೈವರಿಗೆ ಕೂಗಿ ಹೇಳಿದ. ಇಡೀ ಬಸ್ಸು ನನ್ನತ್ತ ತಿರುಗಿತು. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ್ದಾರೆ, ನಿಜ. ಮೆಟ್ಟಿಲನ್ನು ಮಾತ್ರ ಅಲ್ಲೇ ಬಿಟ್ಟಿದ್ದಾರೆ.

ಅಂದಿನಿಂದ ಬಸ್ಸಿನ ಸಹವಾಸ ಬಿಟ್ಟೆ. ಅಕ್ಕ ಫೋನು ಮಾಡಿದಾಗ ಒಮ್ಮೆ ಬಿಸಿಲೆಂದೆ, ಒಮ್ಮೆ ಬೀಗರು ಬಂದಿದ್ದಾರೆಂದೆ, ಒಮ್ಮೆ ಮಳೆಯೆಂದೆ. ಬಳ್ಳಾರಿಯಲ್ಲಿ ಬಿಸಿಲೆಂದರೆ ಯಾರಾದರೂ ನಂಬುತ್ತಾರೆ, ಮಳೆಯೆಂದಾಗ ಅಕ್ಕನಿಗೆ ಅನುಮಾನ ಬಂತು. "ನಾ ಸತ್ತಮ್ಯಾಲಾದ್ರೂ ಬರ್ತೀಯೇನಲೇ?" ಎಂದು ನಗುತ್ತಲೇ ಕೇಳಿ ಫೋನಿಟ್ಟಳು. ಆ ದಿನ ನನಗೆ ಊಟ ಸೇರಲಿಲ್ಲ. ಅಂದರೆ, ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ತೆಳ್ಳಗಾಗುವ ಪುಡಿ ಮಾರುವ ಹೆಣ್ಣುಮಗಳೊಬ್ಬಳು ನಮ್ಮ ಓಣಿಗೆ ಬಂದಳು. ಒಂದೇ ತಿಂಗಳಲ್ಲಿ ಬಸ್ಸಿನ ಮೆಟ್ಟಿಲೇನು, ಬಸ್ಸಿನ ನೆತ್ತಿಗೇ ಏರಬಹುದು ಎಂಬಂತೆ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಮಾತಾಡಿದಳು. ಫೋನಿನಲ್ಲಿ ಒಬ್ಬ ದಪ್ಪ ಹೆಂಗಸಿನ, ಒಬ್ಬ ಸಣ್ಣ ಹೆಂಗಸಿನ ಫೋಟೋ ತೋರಿಸಿ ಇಬ್ಬರೂ ಒಬ್ಬಳೇ ಎಂದಳು. ನನಗೆ ಮೂಗು ಬೇರೆ ಕಂಡಿತು. ಮೂಗಿನ ಕೊಬ್ಬೂ ಕರಗಿರಬೇಕೆಂದುಕೊಂಡೆ, ಕೇಳಲು ನಾಚಿಕೆ. ರಾತ್ರಿ ಊಟದ ಹೊತ್ತಿಗೆ ಒಂದು ಲೋಟ ಕಲಸಿ ಕುಡಿಯಿರಿ ಎಂದು ಹೇಳಿ ಹೋದಳು.

ಹೇಳಿದಂತೆಯೇ ಕುಡಿದೆ. ಆದರೆ ನಮ್ಮ ಮನೆತನದಲ್ಲಿ ಖಾಲಿ ಹೊಟ್ಟೆಗೆ ಔಷಧ ಹಾಕುವ ಪದ್ಧತಿ ಇಲ್ಲ. ನಮ್ಮವ್ವ ಜ್ವರದ ಗುಳಿಗೆಗೂ ಮೊದಲು ಒಂದು ರೊಟ್ಟಿ ತಿನ್ನಿಸುತ್ತಿದ್ದಳು. ಪುಡಿ ಉಷ್ಣವಾಗಿ ಹೊಟ್ಟೆ ಸುಟ್ಟೀತೆಂದು ನಾನೂ ಹೊಟ್ಟೆ ತುಂಬ ಉಂಡು, ಆಮೇಲೆ ಅದನ್ನು ಗಟ್ಟಿ ಹಾಲಿನಲ್ಲಿ ಕಲಸಿ, ರುಚಿಗೆ ಬೆಲ್ಲ ಹಾಕಿ ಕುಡಿಯುತ್ತಿದ್ದೆ. ಗುಣ ಬೇಗ ಕಾಣಲೆಂದು ಬಾಳೆಹಣ್ಣು ಕಿವುಚಿದ್ದೂ ಉಂಟು. ತಿಂಗಳು ಮುಗಿಯುವುದರೊಳಗೆ ಕುಪ್ಪಸದ ಹುಕ್ಕುಗಳು ನನ್ನ ಮೇಲೆ ತಿರುಗಿಬಿದ್ದವು. ಪುಡಿ ನನ್ನ ಮೈಗೆ ಹಿಡಿಯಲಿಲ್ಲ ಎಂದು ನಿಮ್ಮ ಅಮ್ಮ ಸುಜಾತಳ ಹತ್ತಿರ ಹೇಳಿಕೊಂಡೆ. ಆಕೆ ಡಬ್ಬಿಯ ಮೇಲಿನ ಇಂಗ್ಲಿಷ್ ಓದಿದಳು. "ಅತ್ತೀ, ಇದು ಊಟದ ಬದ್ಲಿ ಕುಡ್ಯೂದು. ನೀವು ಊಟದ ಮ್ಯಾಲೆ ಊಟ ಮಾಡೀರಿ" ಎಂದವಳೇ ನಗು ಅಡಗಿಸಲು ಅಡುಗೆಮನೆಗೆ ಓಡಿದಳು. ಅಡುಗೆಮನೆಯ ಪಾತ್ರೆಗಳಿಗೂ ಆ ನಗು ಕೇಳಿಸಿರಬೇಕು.

ಮರುದಿನ ಆಕೆಯೇ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಊಟ ಬಿಟ್ಟು ಪುಡಿ ಕುಡಿದಿದ್ದರೂ, ಪುಡಿ ಬಿಟ್ಟ ಮೇಲೆ ಇಳಿದ ತೂಕ ಹಿಂದಿರುಗಿ ಬರುವುದೇ ಹೆಚ್ಚು ಎಂದರು ಡಾಕ್ಟರಮ್ಮ. ಅನ್ನ ಕಡಿಮೆ, ಪಲ್ಯ ಹೆಚ್ಚು, ದಿನಾ ನಡಿಗೆ, ಅವಸರ ಬೇಡ, ಇಷ್ಟೇ ಅವರ ಔಷಧ. ಸಿರುಗುಪ್ಪದ ಭತ್ತದ ಗದ್ದೆಗಳ ನಡುವೆ ಹುಟ್ಟಿದವಳಿಗೆ ಅನ್ನ ಕಡಿಮೆ ಮಾಡು ಎನ್ನುವುದು ತವರು ಮರೆ ಎಂದಂತೆ. ಮರೆಯಲಿಲ್ಲ. ಮೊದಲು ರೊಟ್ಟಿ, ಪಲ್ಯ, ಕೊನೆಗೆ ತವರಿನ ನೆನಪಿಗೆ ಒಂದು ಹಿಡಿ ಅನ್ನ ಎಂದು ರಾಜಿ ಮಾಡಿಕೊಂಡೆ.

ನಡಿಗೆಯದೇ ಕಷ್ಟ. ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಹೆಂಗಸೊಬ್ಬಳು ಸುಮ್ಮನೆ ಅತ್ತಿಂದಿತ್ತ ನಡೆದರೆ ಪ್ರತಿ ಆಟೋದವನೂ ಎಲ್ಲಿಗೆ ಬಿಡಬೇಕೆಂದು ಕೇಳುತ್ತಾನೆ. ಅದಕ್ಕೇ ಬೆಳಿಗ್ಗೆ ಮಾಳಿಗೆಯ ಮೇಲೆ ನಡೆಯತೊಡಗಿದೆ. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಹರವುತ್ತಿದ್ದ ಫಾತಿಮಾ ಏನು ಹುಡುಕುತ್ತಿದ್ದೀರೆಂದು ಕೇಳಿದಳು. ಸಣ್ಣಗಾಗಲು ನಡೆಯುತ್ತಿದ್ದೇನೆ ಎನ್ನಲು ನಾಲಿಗೆ ಹೊರಳಲಿಲ್ಲ, ಕಿವಿಯೋಲೆಯ ತಿರುಪು ಬಿದ್ದಿದೆ ಎಂದುಬಿಟ್ಟೆ. ಪಾಪ, ಗಿಡ್ಡ ಗೋಡೆ ದಾಟಿ ಬಂದು ನನ್ನ ಜೊತೆ ಹುಡುಕಿದಳು. ಮರುದಿನವೂ ಬಂದಳು. ಹುಡುಕುತ್ತ ಹುಡುಕುತ್ತ ಅವಳ ಅತ್ತೆಯ ಕಥೆ, ನನ್ನ ಅತ್ತೆಯ ಕಥೆ ಎಲ್ಲ ಮುಗಿದು ಓಣಿಯವರ ಕಥೆಗೆ ಬಂದೆವು. ಮಳೆಗಾಲ ಹೋಗಿ ಚಳಿ ಬಂತು. ತಿರುಪು ಸಿಗಲಿಲ್ಲ.

ಮೊನ್ನೆ ಧೈರ್ಯ ಮಾಡಿ ಬಸ್‌ಸ್ಟ್ಯಾಂಡಿಗೆ ಹೋದೆ. ಬಲಗಾಲಿಟ್ಟು ಕಂಬಿ ಹಿಡಿದೆ. ಎಡಗಾಲು, ಕರೆದಂತೆ, ಹಿಂದೆಯೇ ಬಂತು. ನೂಕಲು ಸಿದ್ಧಳಾಗಿ ನಿಂತಿದ್ದ ಹೆಂಗಸಿಗೆ ಕೆಲಸವಿಲ್ಲದಂತಾಯಿತು. ತೂಕದ ಮುಳ್ಳು ಅಂಥದ್ದೇನೂ ಇಳಿದಿರಲಿಲ್ಲ, ಮೆಟ್ಟಿಲು ಮಾತ್ರ ಇಳಿದಿತ್ತು. ಹಿಂದೆ ನಿಮ್ಮ ಅಜ್ಜ ಕೈ ನೀಡಿ ನಿಲ್ಲುತ್ತಿದ್ದ ಜಾಗವನ್ನು ಒಂದು ಗಳಿಗೆ ನೋಡಿ, ಸೀಟು ಹಿಡಿದೆ.

ಅಕ್ಕ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಲೇ, ಇಷ್ಟು ಸೊರಗೀದಿ, ಸೊಸಿ ಉಣ್ಣಾಕ ಹಾಕಂಗಿಲ್ಲೇನು?" ಎಂದು ಎಮ್ಮೆ ತುಪ್ಪ ಸುರಿದು ಹೋಳಿಗೆ ಬಡಿಸಿದಳು. ನಾನು ಒಂದೇ ತಿಂದೆ. ಎರಡನೆಯದನ್ನು ಅಕ್ಕ ಹಾಕಿದ್ದು, ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಆ ಹುಮ್ಮಸ್ಸಿನಲ್ಲಿ ಮರುದಿನ ಫಾತಿಮಾಗೆ ತಿರುಪಿನ ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಆಕೆ ಮಧ್ಯದಲ್ಲೇ ತಡೆದಳು. "ಎರಡೂ ತಿರುಪು ನಿಮ್ಮ ಕಿವ್ಯಾಗ ಗಟ್ಟಿ ಕುಂತಾವ ಅಕ್ಕಾ, ಮೊದಲ್ನೇ ದಿನಾನ ನೋಡೀನಿ. ಡಾಕ್ಟ್ರು ನನಗೂ ನಡೀ ಅಂದಿದ್ರು, ಒಬ್ಬಾಕಿಗೇ ನಾಚ್ಕಿ ಆಗ್ತಿತ್ತು. ಸಿಕ್ತು ಅಂತ ಮಾತ್ರ ಯಾರಿಗೂ ಹೇಳಬ್ಯಾಡ್ರಿ." ಬಳ್ಳಾರಿಯಲ್ಲಿ ನಾಚಿಕೆಯವಳು ನಾನೊಬ್ಬಳೇ ಎಂದು ಇಷ್ಟು ವರ್ಷ ಹೆಮ್ಮೆಪಟ್ಟಿದ್ದೆ.

ಮಕ್ಕಳೇ, ಈ ಹಾಳೆಗಳನ್ನು ಆ ಪುಡಿಯ ಖಾಲಿ ಡಬ್ಬಿಯಲ್ಲಿ ಸುತ್ತಿಡುತ್ತಿದ್ದೇನೆ. ಇರುವೆಯೂ ನುಸುಳದ ಮುಚ್ಚಳ, ಪುಡಿಯಿಂದ ಆದ ಉಪಕಾರ ಅದೊಂದೇ. ನೀವು ಜೋಪಾನವಾಗಿಡಿ. ಫಾತಿಮಾ ಮಾಳಿಗೆಯಿಂದ ಕರೆಯುತ್ತಿದ್ದಾಳೆ, ನಾನು ಹೋಗಬೇಕು. ತಿರುಪು ಇನ್ನೂ ಸಿಕ್ಕಿಲ್ಲ.