ಡ್ಯಾಶ್‌ಬೋರ್ಡ್ ತನಿಖಾ ಆಯೋಗ

ಬೆಂಕಿ ತಾನಾಗಿ ಹತ್ತುವುದಿಲ್ಲ, ಯಾರೋ ಒಬ್ಬ ದಡ್ಡ ಅದನ್ನು ಕರೆದೇ ಇರುತ್ತಾನೆ ಎಂಬುದು ಚನ್ನವೀರಪ್ಪನವರ ಸಿದ್ಧಾಂತ. ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ತಲೆ ಬೋಳಾಗುವ ತನಕ ದುಡಿದು ನಿವೃತ್ತರಾದ ಮಹಾನುಭಾವರು ಅವರು. ಟಿ. ದಾಸರಹಳ್ಳಿಯ ಮನೆಗೆ ಬರುವ ಹಾಲಿನ ಪ್ಯಾಕೆಟ್ ಕೂಡ ಅವರ ತಪಾಸಣೆ ಮುಗಿಯದೆ ಒಳಗೆ ಹೋಗುವಂತಿಲ್ಲ. ಪಾಸಾದ ಮಾಲಿನ ಮೇಲೆ ಹಳದಿ ಚುಕ್ಕೆ ಇಟ್ಟು ಹೆಸರಿನ ಮೊದಲಕ್ಷರ ಬರೆಯುವುದು ಅವರ ಕಾರ್ಖಾನೆಯ ಪದ್ಧತಿ. ಕಾರ್ಖಾನೆ ಬಿಟ್ಟರೂ ಹಳದಿ ಬಣ್ಣದ ಡಬ್ಬಿ ಅವರನ್ನು ಬಿಡಲಿಲ್ಲ. ಗ್ಯಾಸ್ ರೆಗ್ಯುಲೇಟರ್, ನೀರಿನ ಮೋಟರ್, ಮಿಕ್ಸಿಯ ಪ್ಲಗ್ಗು, ಎಲ್ಲದರ ಮೇಲೂ ಒಂದು ಚುಕ್ಕೆ, ಅದರ ಕೆಳಗೆ 'ಚ'.

"ಮದುವೆ ದಿನ ನನ್ ಹಣೆಗೂ ಒಂದು ಇಟ್ಟಿದ್ರೆ ನಾನೂ ಪಾಸಾಗಿರ್ತಿದ್ದೆ" ಎಂದು ಹೆಂಡತಿ ಸುಮಂಗಲಮ್ಮ ಆಗಾಗ ಚುಚ್ಚುವುದುಂಟು.

ಇಂಥವರ ಕಾರಿನ ಡ್ಯಾಶ್‌ಬೋರ್ಡಿಗೇ ಬೆಂಕಿ ಬಿತ್ತು. ಅದೂ ಸುಮಂಗಲಮ್ಮ ಲಗ್ಗೆರೆಯ ತಂಗಿ ಮನೆಗೆಂದು ಮೊದಲ ಸಲ ಒಬ್ಬರೇ ಓಡಿಸಿಕೊಂಡು ಹೋಗುತ್ತಿದ್ದಾಗ. ಮೊದಲು ಸುಟ್ಟ ವಾಸನೆ, ಆಮೇಲೆ ಹೊಗೆ, ಕೊನೆಗೆ ಸಂದಿಯಲ್ಲಿ ಸಣ್ಣ ಜ್ವಾಲೆ. ಅವರು ಗಾಬರಿಯಾಗದೆ ಕಾರು ಆಫ್ ಮಾಡಿ ಇಳಿದರು, ಯಾರೋ ಮನೆ ಕಟ್ಟಿಸಲು ರಸ್ತೆ ಬದಿ ಸುರಿದಿದ್ದ ಮರಳನ್ನು ಸೆರಗಿನಲ್ಲಿ ತುಂಬಿ ತಂದು ಸುರಿದು ಬೆಂಕಿ ಆರಿಸಿಯೇ ಬಿಟ್ಟರು.

ಕಾರನ್ನು ಎಳೆಸಿಕೊಂಡು ಮನೆಗೆ ತಂದಾಗ ಗೇಟಿನಲ್ಲೇ ವಿಚಾರಣೆ ಶುರುವಾಯಿತು.

"ಎಸಿ ಹಾಕಿದ್ಯಾ?"

"ಹಾಕಿದ್ದೆ."

"ಫೋನು ಚಾರ್ಜಿಗಿಟ್ಟಿದ್ಯಾ?"

"ಇಟ್ಟಿದ್ದೆ."

"ಹಾಡು?"

"ಸಣ್ಣಗೆ."

"ಮೂರೂ ಒಟ್ಟಿಗೆ! ಅದು ಕಾರು ಕಣೇ, ಕಲ್ಯಾಣ ಮಂಟಪ ಅಲ್ಲ."

"ಮೂರೂ ಹಾಕ್ಬಾರ್ದು ಅಂದ್ರೆ ಮೂರು ಬಟನ್ ಯಾಕ್ರೀ ಕೊಟ್ಟಿರ್ತಾರೆ?"

ಕಾನೂನಿನ ಇಂಥ ಸೂಕ್ಷ್ಮಗಳಿಗೆಲ್ಲ ಚನ್ನವೀರಪ್ಪನವರು ಉತ್ತರ ಕೊಡುವವರಲ್ಲ. ಎದೆ ಸೆಟೆಸಿ ಘೋಷಿಸಿದರು: "ಮೆಕ್ಯಾನಿಕ್ ಬೇಡ. ನಾನೇ ಬಿಚ್ತೀನಿ, ನಾನೇ ಮೂಲ ಹುಡುಕ್ತೀನಿ. ತಪ್ಪು ಯಾರ್ದೋ ಅವರು ಇನ್ಮೇಲೆ ಈ ಕಾರಿನ ಕೀ ಮುಟ್ಟೋ ಹಂಗಿಲ್ಲ."

"ಯಾರೇ ಆದ್ರೂನಾ?"

"ಯಾರೇ ಆದ್ರೂ."

ಎದುರು ಮನೆಯ ನಂಜಪ್ಪನವರು ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವರು. "ನಾನ್ ಸಾಕ್ಷಿ" ಎಂದು ಕಾಂಪೌಂಡಿನ ಮೇಲಿಂದಲೇ ಕೂಗಿದರು.

ಸುಮಂಗಲಮ್ಮನಿಗೆ ಒಳಗೊಳಗೇ ಅಳುಕು. ಈ ವಯಸ್ಸಿನಲ್ಲಿ ಕ್ಲಚ್ಚು ಕಲಿಯುವಾಗ ಗಂಡನಿಂದ ತಿಂದ ಬೈಗುಳ ಸ್ವಲ್ಪವೇ? ಬೇಕಾದಾಗ ತಂಗಿ ಮನೆಗೆ ಹೊರಡುವ ಸುಖ ಈಗಷ್ಟೇ ಕೈಗೆ ಬಂದಿತ್ತು. ಅದೂ ಹೋಗಿಬಿಟ್ಟರೆ ಮತ್ತೆ "ರೀ, ಬಿಟ್ಟು ಬರ್ತೀರಾ" ಎಂದು ಇವರ ಮುಖ ನೋಡುವ ಬಾಳು. ಆದರೂ ತೋರಿಸಿಕೊಳ್ಳದೆ ಕಾಫಿ ತಂದಿಟ್ಟರು.

ಭಾನುವಾರ ಬೆಳಿಗ್ಗೆ ಆಯೋಗ ಕಲಾಪ ಆರಂಭಿಸಿತು. ಬ್ಯಾಟರಿಯ ವೈರು ಕಳಚಿ, ಡ್ಯಾಶ್‌ಬೋರ್ಡಿನ ಮೇಲಿದ್ದ ಗಣಪನಿಗೆ ಕೈಮುಗಿದು ಪೀಠದಿಂದ ಕೆಳಗಿಳಿಸಿ, ಚನ್ನವೀರಪ್ಪನವರು ಒಂದೊಂದೇ ಸ್ಕ್ರೂ ಬಿಚ್ಚಿದರು. ಬಿಚ್ಚಿದ ಸ್ಕ್ರೂಗಳು ಕಲಸಿಹೋಗಬಾರದೆಂದು ಇಡ್ಲಿ ತಟ್ಟೆಯ ಒಂದೊಂದು ಗುಳಿಯಲ್ಲಿ ಒಂದೊಂದು ಜಾತಿಯವನ್ನು ಜೋಡಿಸಿದರು. ಅಂದು ಮನೆಗೆಲ್ಲ ಉಪ್ಪಿಟ್ಟೇ ಗತಿಯಾಯಿತು.

ಮೊದಲ ಆರೋಪಿ ಎಸಿ. ಅದರ ವೈರುಗಳಿಗೆ ಒಂದು ಕಲೆಯೂ ಇಲ್ಲ. ಎರಡನೆಯದು ಫೋನ್ ಚಾರ್ಜಿಂಗ್ ಸಾಕೆಟ್. ಅದೂ ನಿರ್ದೋಷಿ. ಮ್ಯೂಸಿಕ್ ಸೆಟ್ಟಿನಿಂದ ಒಂದು ಹಿಡಿ ಮರಳು ಉದುರಿತೇ ಹೊರತು ಸುಟ್ಟ ಗುರುತು ಸಿಗಲಿಲ್ಲ. ಒಬ್ಬೊಬ್ಬರಾಗಿ ಬಿಡುಗಡೆಯಾದಂತೆಲ್ಲ ಸುಮಂಗಲಮ್ಮ ಒಂದೊಂದು ಹೆಜ್ಜೆ ಕಾರಿನ ಹತ್ತಿರ ಬಂದರು.

ಆಗ ಸಿಕ್ಕಿತು. ಡ್ಯಾಶ್‌ಬೋರ್ಡಿನ ಹಿಂದೆ ಸಣ್ಣದೊಂದು ವೈರು, ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದು, ಉದ್ದಕ್ಕೂ ಸುಟ್ಟು ಕರಕಲಾಗಿತ್ತು. ಅದರ ಜಾಡು ಹಿಡಿದು ಹೋದರೆ, ಫ್ಯೂಸ್ ಇರಬೇಕಾದ ಜಾಗದಲ್ಲಿ ತಾಮ್ರದ ಎಳೆಗಳನ್ನು ಹೊಸೆದು ತುರುಕಲಾಗಿತ್ತು.

"ನಂಜಪ್ಪ, ಬಾ ಇಲ್ಲಿ!" ಚನ್ನವೀರಪ್ಪನವರ ದನಿ ಬೀದಿಯ ಕೊನೆಯವರೆಗೂ ಕೇಳಿತು. ಇಷ್ಟು ಹೆಮ್ಮೆ ಅವರಿಗೆ ಸನ್ಮಾನದ ಶಾಲು ಹೊದ್ದ ದಿನವೂ ಆಗಿರಲಿಲ್ಲ. "ವೈರು ಶಾರ್ಟ್ ಆದ್ರೆ ತಾನು ಸುಟ್ಟು ಗಾಡಿ ಉಳಿಸೋದು ಫ್ಯೂಸಿನ ಕೆಲಸ. ಯಾವನೋ ಪುಣ್ಯಾತ್ಮ ಅದನ್ನೇ ಕಿತ್ತು ತಾಮ್ರ ತುರುಕಿದಾನೆ. ತಾಮ್ರ ಉಳೀತು, ವೈರು ಉರೀತು. ಇಂಥವನನ್ನ ನಮ್ ಕಾರ್ಖಾನೆ ಗೇಟ್ ಒಳಗೂ ಬಿಡ್ತಿರ್ಲಿಲ್ಲ."

"ಗ್ಯಾರೇಜಿನೋರು ಮಾಡಿರ್ಬೋದಾ?" ಎಂದರು ನಂಜಪ್ಪ.

"ಗ್ಯಾರೇಜಿನೋರು ಇಷ್ಟು ದಡ್ಡರಿರಲ್ಲಪ್ಪ."

ಸುಮಂಗಲಮ್ಮ ಬಗ್ಗಿ ನೋಡಿ ಮೆಲ್ಲಗೆ ಕೇಳಿದರು: "ರೀ, ಈ ವೈರಿನ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತೆ?"

ಚನ್ನವೀರಪ್ಪನವರು ಉತ್ಸಾಹದಿಂದ ವೈರು ಹಿಡಿದು ಮೇಲೆ ಹೋದರು. ಅದು ನೇರವಾಗಿ ಗಣಪನ ಪೀಠಕ್ಕೆ, ಪೀಠದ ಸುತ್ತ ಮಿಣುಗುವ ದೀಪದ ಸರಕ್ಕೆ ಹೋಗಿ ಸೇರಿತು. ಅವರ ಬೆರಳು ಅಲ್ಲೇ ನಿಂತಿತು.

"ಆಯುಧ ಪೂಜೆ ದಿನ" ಎಂದು ಸುಮಂಗಲಮ್ಮ ಯಾರಿಗೂ ಅಲ್ಲವೆಂಬಂತೆ ಶುರುಮಾಡಿದರು, "ಮಂಗಳಾರತಿ ಎತ್ತಿದಾಗೆಲ್ಲಾ ಈ ದೀಪ ಪುಸ್ ಅಂತ ಆರೋಗ್ತಿತ್ತು. ಆಮೇಲೆ ಯಾರೋ ಬಗ್ಗಿ ಅದೇನೋ ಮಾಡಿ, 'ಇನ್ನು ಜನ್ಮದಲ್ಲಿ ಆರಲ್ಲ' ಅಂದ್ರು. ಬೀದಿಯೆಲ್ಲಾ ಚಪ್ಪಾಳೆ ತಟ್ಟಿತ್ತು."

"ನಾನೂ ತಟ್ಟಿದ್ದೆ" ಎಂದರು ನಂಜಪ್ಪ.

"ಯಾರಾದ್ರೂ ಆಮೇಲೆ ಬಂದು ಮಾಡಿರ್ಬೋದು" ಎಂದು ಚನ್ನವೀರಪ್ಪನವರು ಗೊಣಗಿದರು.

ಸುಮಂಗಲಮ್ಮ ಸೆರಗಿನ ತುದಿಯಿಂದ ಫ್ಯೂಸಿನ ಜಾಗದ ಪಕ್ಕದ ಮಸಿ ಒರೆಸಿದರು. ಹಳದಿ ಚುಕ್ಕೆ. ಕೆಳಗೆ ದುಂಡಗೆ 'ಚ'.

ನಂಜಪ್ಪನವರಿಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಕಾಂಪೌಂಡು ದಾಟುವ ತನಕ ಅವರು ನಗು ತಡೆದುಕೊಂಡದ್ದೇ ದೊಡ್ಡ ಉಪಕಾರ.

ಹೊಸ ವೈರು, ಹೊಸ ಫ್ಯೂಸು ಗ್ಯಾರೇಜಿನವರೇ ಹಾಕಿದರು. ಕಾರು ಮತ್ತೆ ಲಗ್ಗೆರೆ ಕಡೆ ಹೊರಟಾಗ ಸ್ಟೀರಿಂಗ್ ಹಿಂದೆ ಸುಮಂಗಲಮ್ಮ, ಪಕ್ಕದಲ್ಲಿ ದೀಪವಿಲ್ಲದ ಗಣಪನನ್ನು ತೊಡೆಯ ಮೇಲಿಟ್ಟುಕೊಂಡು ಚನ್ನವೀರಪ್ಪನವರು. ಎಸಿ, ಫೋನು, ಹಾಡು, ಮೂರೂ ನಡೆಯುತ್ತಿದ್ದವು. ಅರ್ಧ ದಾರಿ ಅವರು ಗಣಪನ ಮೇಲಿನ ಮಸಿ ಒರೆಸುತ್ತ ಕೂತರು. ಆಮೇಲೆ ತಡೆಯಲಾಗಲಿಲ್ಲ.

"ಒಂದು ಗಮನಿಸಿದ್ಯಾ, ಸುಮಂಗಲಾ? ಅಷ್ಟು ಬೆಂಕಿ ಬಿತ್ತು, ವೈರೆಲ್ಲಾ ಕರಗಿ ಹೋಯ್ತು. ನನ್ ಚುಕ್ಕೆ ಮಾತ್ರ ಒಂಚೂರೂ ಅಳಿಸಿಲ್ಲ."

"ಹೌದ್ರೀ, ಒಳ್ಳೆ ಬಣ್ಣ" ಎಂದು ಸುಮಂಗಲಮ್ಮ ಗೇರು ಬದಲಿಸಿದರು. "ಅದಕ್ಕೇ ನಾನೂ ಒಂಚೂರು ತಗೊಂಡೆ."

ಚನ್ನವೀರಪ್ಪನವರು ಬಗ್ಗಿ ನೋಡಿದರು. ಸ್ಟೀರಿಂಗಿನ ಪಕ್ಕ ಸಿಕ್ಕಿಸಿದ್ದ ಕೀ ಮೇಲೆ ಒಂದು ಹಳದಿ ಚುಕ್ಕೆ ಇತ್ತು. ಅದರ ಕೆಳಗೆ, ದುಂಡಗೆ, 'ಸು'.