ಬೀಡಿ ಬಿಡಿಸಲು ಹೋದವಳ ಪಾಡು

ದುಡಿಯಲು ಊರು ಬಿಟ್ಟು ಬಂದವರಿಗೆ ಬೀಡಿ, ಸಿಗರೇಟು ಬಿಡಿ ಅಂತ ಹೇಳುವುದು ಆರೋಗ್ಯ ಕಾರ್ಯಕರ್ತೆಯಾದ ನನ್ನ ಕೆಲಸ. ಒಬ್ಬರಾದರೂ ಬಿಟ್ಟರೆ ಸಾಕು ಅಂತ ಹೊರಡುತ್ತೇನೆ. ಪ್ರತಿ ಸಲವೂ ಏನಾದರೊಂದು ಆಗಿ, ನಾನೇ ಬಾಯಿ ಮುಚ್ಚಿಕೊಂಡು ವಾಪಸ್ ಬರುತ್ತೇನೆ.

ಹಚ್ಚದ ಬೀಡಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆ ಬಿಹಾರದ ಟೈಲರೊಬ್ಬ ಆಗಾಗ ಬೀಡಿ ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದ. ಬಟ್ಟೆಗೆ ಕಿಡಿ ತಾಗೀತು ಅಂತ ಮಾಲೀಕರು ಸೇದುವವರನ್ನು ಹೊರಗೆ ಕಳಿಸುತ್ತಾರೆ. ನಾನು ಅವನಿಗೆ ಶ್ವಾಸಕೋಶದ ಚಿತ್ರ ತೋರಿಸಿ ಚೆನ್ನಾಗಿ ಹೆದರಿಸಿದೆ. ಪೂರ್ತಿ ಕೇಳಿಸಿಕೊಂಡು ಕೈಯಲ್ಲಿದ್ದ ಬೀಡಿ ತೋರಿಸಿದ. ಹಿಡಿದು ಹಿಡಿದು ಅದರ ಎಲೆ ಸವೆದಿತ್ತು, ಬೆಂಕಿ ಮಾತ್ರ ಕಂಡಿರಲಿಲ್ಲ. ಅವನಿಗೆ ಹೊಗೆ ಆಗುವುದೇ ಇಲ್ಲವಂತೆ. ಆದರೆ ಬರಿಗೈಲಿ ನಿಂತರೆ ಮಾಲೀಕರು ಒಳಗೆ ಕರೆಯುತ್ತಾರಂತೆ.

"ಇದನ್ನೂ ಬಿಡಬೇಕೇನ್ರಿ ಮೇಡಂ?" ಅಂದ. ಬೇಡ ಅಂದೆ.

ಅಪ್ಪನ ಸೇವೆ

ಕುರುಗೋಡಿನಲ್ಲಿ ಅಂಗಡಿ ಇಟ್ಟಿರುವ ರಾಜಸ್ಥಾನದ ವ್ಯಾಪಾರಿಯೊಬ್ಬರು ಸಿಗರೇಟು ಬಿಡಲಾರದೆ ಒದ್ದಾಡುತ್ತಿದ್ದರು. ಹಿರಿಯರ ಎದುರು ಸೇದುವ ಪದ್ಧತಿ ಅವರಲ್ಲಿಲ್ಲ. ಹಾಗಾದರೆ ಊರಿಂದ ಅಪ್ಪನನ್ನೇ ಕರೆಸಿ ಗಲ್ಲಾದ ಪಕ್ಕ ಕೂಡಿಸಿ ಅಂದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ.

ಅಪ್ಪ ಬಂದರು. ಜೊತೆಗೆ ಅವರ ಹುಕ್ಕಾನೂ ಬಂತು. ಅಪ್ಪನಿಗೆ ಹುಕ್ಕಾ ತುಂಬಿ ಕೊಡುವುದು ಮಗನ ಕೆಲಸ, ಕೊಡುವ ಮುಂಚೆ ಜೋರಾಗಿ ಎಳೆದು ಕೆಂಡ ಹೊತ್ತಿಸುವುದೂ ಮಗನದೇ. ಮುಂದಿನ ಸಲ ಹೋದಾಗ ವ್ಯಾಪಾರಿ ಮೂಗಲ್ಲಿ ಬಾಯಲ್ಲಿ ಹೊಗೆ ಬಿಡುತ್ತಾ ನನಗೆ ಕೈ ಮುಗಿದರು.

"ಸಿಗರೇಟ್ ಪೂರಾ ಬಿಟ್ಟೀನ್ರಿ. ಇದು ಅಪ್ಪಾಜಿ ಸೇವಾ."

ಅಮ್ಮಮ್ಮನ ಬಾಯಿ

ಸಿರುಗುಪ್ಪದ ಕಡೆ, ಕೆಂಚನಗುಡ್ಡದ ಹತ್ತಿರ, ಆಂಧ್ರದ ಕರಾವಳಿಯಿಂದ ಬಂದು ಭತ್ತ ಬೆಳೆಯುವವರದೊಂದು ಮನೆ. ಅಲ್ಲಿಯ ಅಜ್ಜಿಯನ್ನು ಎಲ್ಲರೂ ಅಮ್ಮಮ್ಮ ಅನ್ನುತ್ತಾರೆ. ಮೊಮ್ಮಗಳು ಬಾಣಂತನಕ್ಕೆ ಬಂದಿದ್ದಳು. ಹೊಗೆಸೊಪ್ಪಿನ ಚುಟ್ಟಾ ಸೇದುವವರ ಕೈಗೆ ಕೂಸು ಕೊಡುವುದಿಲ್ಲ ಅಂತ ಹಟ ಹಿಡಿದಿದ್ದಳು. ಅಮ್ಮಮ್ಮ ಉರಿಯುವ ಚುಟ್ಟಾ ಹಿಡಿದು ಬಾಗಿಲಲ್ಲಿ ಕೂತು ತೊಟ್ಟಿಲನ್ನೇ ನೋಡುತ್ತಿದ್ದಳು.

ಹೊಗೆ ಕೂಸಿಗೆ ಒಳ್ಳೆಯದಲ್ಲ ಅಂದೆ. ಹೊಗೆ ಎಲ್ಲಿದೆ ಅಂತ ತೆಲುಗಿನಲ್ಲಿ ಕೇಳಿ, ಚುಟ್ಟಾ ತಿರುಗಿಸಿ, ಉರಿಯುವ ತುದಿಯನ್ನೇ ಬಾಯೊಳಗಿಟ್ಟು ತುಟಿ ಮುಚ್ಚಿದಳು. ಅವರೂರ ಹೆಂಗಸರು ಸೇದುವುದೇ ಹಾಗಂತೆ. ಅಂಗುಳು ಸುಟ್ಟು ಕ್ಯಾನ್ಸರ್ ಆಗುತ್ತದೆ ಅಂದೆ. ಹೋಗು ಹೋಗು ಅಂತ ಕೈ ಆಡಿಸಿದಳು.

ಅಷ್ಟರಲ್ಲಿ ಕೂಸು ಅತ್ತಿತು. ಅಮ್ಮಮ್ಮ ಜೋಗುಳ ಹಾಡಲು ಹೋದಳು, ಬಾಯಲ್ಲಿ ಬೆಂಕಿ, ತೆರೆಯಲಾಗಲಿಲ್ಲ. ಚುಟ್ಟಾ ತೆಗೆದು ಅಂಗಳಕ್ಕೆ ಎಸೆದು ಹಾಡಿದಳು. ಮತ್ತೆ ಮುಟ್ಟಲಿಲ್ಲ.

ನನ್ನ ಮಾತಿಗಲ್ಲದಿದ್ದರೂ ಒಬ್ಬಳು ಬಿಟ್ಟಳಲ್ಲ ಅಂತ ಹಿಗ್ಗಿಹೋದೆ. ಸ್ವಲ್ಪ ದಿನ ಕಳೆದು ಮೊಮ್ಮಗಳ ಫೋನ್ ಬಂತು. ಕೂಸು ಈಗ ಮೂರು ಹೊತ್ತೂ ಅಮ್ಮಮ್ಮನ ಮಡಿಲಲ್ಲೇ ಅಂತ ಹೇಳಿ, ದನಿ ತಗ್ಗಿಸಿದಳು.

"ಅಕ್ಕಾ, ಬಾಯಾಗ ಬೆಂಕಿ ಇದ್ದಾಗ ಅಮ್ಮಮ್ಮ ಮಾತೇ ಆಡ್ತಿರಲಿಲ್ರಿ. ಈಗ ನಾ ಎದ್ದರ ತಪ್ಪು, ಕುಂತರ ತಪ್ಪು. ಮತ್ತ ಹಚ್ಚಿಸೋ ಗುಳಿಗಿ ಏನರ ಐತೇನ್ರಿ?"