ಭಾಷಣಕ್ಕೆ ಹೋದ ಬಾಗಿಲು

ಇಂದ:
ಹಂಪಯ್ಯ, ನಿವೃತ್ತ ಶಾಲಾ ಮಾಸ್ತರು,
ಸಿರಿಗೇರಿ, ಸಿರುಗುಪ್ಪ ತಾಲ್ಲೂಕು
(ಇದೇ ಊರಿನ ದುರುಗಮ್ಮನ ಪರವಾಗಿ)

ಗೆ:
ಗಣ್ಯರ ಪ್ರವಾಸ ವೆಚ್ಚದ ಮೇಲಧಿಕಾರಿಗಳು,
ಬಳ್ಳಾರಿ

ದಿನಾಂಕ: 12-2-1953

ವಿಷಯ: ಮುಖಂಡರ ಭಾಷಣಕ್ಕೆ ಸರ್ಕಾರ ಮಾಡಿದ ಖರ್ಚನ್ನು ಬಹಿರಂಗಪಡಿಸುವ ಬಗ್ಗೆ, ಹಾಗೂ ಆ ಖರ್ಚಿನಲ್ಲಿ ಒಂದು ಬಾಗಿಲು ಸೇರಿಹೋಗಿರುವ ಬಗ್ಗೆ.

ಉಲ್ಲೇಖ: 1) ತಳವಾರ ಓಬಣ್ಣನು ಕೇರಿಯಲ್ಲಿ ಬಾಯಿಮಾತಿನಿಂದ ಹೊರಡಿಸಿದ ಆದೇಶ.
2) ತಮ್ಮ ಗುಮಾಸ್ತರಾದ ಪಾಲಯ್ಯನವರು ಕೊಡದೆ ಇದ್ದ ಉತ್ತರ.

ಮಾನ್ಯರೇ,

ಈ ಅರ್ಜಿಯನ್ನು ಓದಲು ಹಿಡಿಯುವ ಹೊತ್ತು ಸದರಿ ಭಾಷಣಕ್ಕಿಂತ ಕಡಿಮೆಯೆಂದು ಮೊದಲೇ ಭರವಸೆ ಕೊಡುತ್ತೇನೆ.

1. ಕಳೆದ ತಿಂಗಳು ಹದಿನೆಂಟರಂದು ಮದರಾಸಿನಿಂದ ಮುಖಂಡರು ನಮ್ಮೂರಿಗೆ ದಯಮಾಡಿಸಿ ತಮಿಳಿನಲ್ಲಿ ಮಾತಾಡಿದರು. ಒಬ್ಬರು ಅದನ್ನು ತೆಲುಗಿಗೆ ತಿರುಗಿಸಿದರು. ಕನ್ನಡಕ್ಕೆ ಬರುವಷ್ಟರಲ್ಲಿ ಹೊತ್ತಾಯಿತೆಂದು ಹಾರ ಹಾಕಲಾಯಿತು. ಆದ್ದರಿಂದ ಭಾಷಣದ ಬಗ್ಗೆ ನಮ್ಮ ತಕರಾರು ಏನೂ ಇಲ್ಲ.

2. ನಮ್ಮ ಕೇರಿಯಲ್ಲಿ ಮದುವೆಯಾದರೆ ನೆರೆಮನೆಗಳ ಬಾಗಿಲು ಬಿಚ್ಚಿ ತಂದು ಜೋಡಿಸಿ ವೇದಿಕೆ ಮಾಡುವುದು ವಾಡಿಕೆ. ಸಂಜೆಗೆ ಆ ಬಾಗಿಲು ಕುಂಕುಮ ಹಚ್ಚಿಸಿಕೊಂಡು, ಐದು ಎಲೆ ಅಡಿಕೆಯೊಂದಿಗೆ ಮನೆಗೆ ಮರಳುತ್ತದೆ. ಕಾರಣ, ಓಬಣ್ಣ ಬಂದು ನಿಂತಾಗ ದುರುಗಮ್ಮ ಹಿಂದೆಮುಂದೆ ನೋಡಲಿಲ್ಲ.

"ದುರುಗಕ್ಕಾ, ಕದ ಬಿಚ್ಚಿ ಕೊಡು. ಸರ್ಕಾರದ ಕೆಲಸ ಐತಿ."

"ಸರ್ಕಾರಕ್ಕ ಮದಿವಿ ಏನಲೇ ಓಬಾ? ಹೆಣ್ಣು ಯಾವೂರದು?"

"ನಗಬ್ಯಾಡಬೇ. ಸಂಜಿಗೆ ತಂದು ಹಚ್ಚತೀನಿ."

ಗೌಡರ ಮನೆಯ ಬಾಗಿಲನ್ನು ಬಲು ಭಾರವೆಂಬ ಕಾರಣಕ್ಕೂ, ಶಾನುಭೋಗರದನ್ನು ಬಲು ನಾಜೂಕೆಂಬ ಕಾರಣಕ್ಕೂ ಬಿಡಲಾಯಿತು. ಕೇರಿಯ ಹದಿನಾಲ್ಕು ಬಾಗಿಲುಗಳು ಮಾತ್ರ ಭಾರದಲ್ಲೂ ನಾಜೂಕಿನಲ್ಲೂ ಸರ್ಕಾರಕ್ಕೆ ಹೇಳಿ ಮಾಡಿಸಿದಂತಿದ್ದವು.

3. ಹದಿಮೂರು ಹಿಂದಿರುಗಿದವು, ಕುಂಕುಮವಿಲ್ಲದೆ. ಅದು ಇರಲಿ. ಹದಿನಾಲ್ಕನೆಯದು ದುರುಗಮ್ಮನ ಬೇವಿನ ಬಾಗಿಲು. ಮುಖಂಡರು ನಿಂತದ್ದು ಅದರ ಮೇಲೆ. ವೇದಿಕೆಯ ಗುತ್ತಿಗೆ ಹಿಡಿದಿದ್ದ ಕೌಲ್ ಬಜಾರಿನ ಮರಿಬಸಪ್ಪನವರನ್ನು ಅಂದೇ ಕೇಳಿದೆ.

"ಮಾಸ್ತರ್ರೀ, ಬ್ಯಾರೆ ಹಲಗಿ ಸಾಹೇಬ್ರು ಕೈ ಎತ್ತಿದ್ರ ಕಿರ್ ಅಂತಾವ. ಇದು ತುಟಿಪಿಟಕ್ ಅನ್ನಂಗಿಲ್ಲ. ಪ್ರವಾಸ ಮುಗಿಯೋತನಕ ಇರ್ಲಿ ಬಿಡ್ರಿ."

ಹೀಗೆ ಸದರಿ ಬಾಗಿಲು ಮುಖಂಡರ ಜೊತೆ ಸಿರುಗುಪ್ಪ, ಕುರುಗೋಡು, ಬಳ್ಳಾರಿಯ ಸತ್ಯನಾರಾಯಣಪೇಟೆ ಸುತ್ತಿತು. ದುರುಗಮ್ಮ ಈವರೆಗೆ ಸಿರುಗುಪ್ಪ ದಾಟಿದವಳಲ್ಲ. ಪ್ರವಾಸ ಮುಗಿದ ಮೇಲೆ ಮರಿಬಸಪ್ಪನವರ ಮಾತೇ ಬೇರೆ: "ಯಾವ ಕದ? ಅದು ನನ್ನ ಹಲಗಿ. ಬಾಡಿಗಿ ಬಿಲ್ಲು ಪಾಸಾಗೈತಿ, ಕಚೇರ್ಯಾಗ ಹೋಗಿ ನೋಡ್ರಿ."

4. ಆದ್ದರಿಂದ ಕಚೇರಿಗೆ ಬಂದೆ. ಪಾಲಯ್ಯನವರು ಖರ್ಚಿನ ಕಡತದ ಮೇಲೆ ಮೊಣಕೈ ಊರಿ ಕೂತಿದ್ದರು.

"ಇದು ಸಾರ್ವಜನಿಕರಿಗೆ ತೋರಸೋದಲ್ರಿ."

"ಯಾಕ್ರೀ?"

"ಸಾರ್ವಜನಿಕರ ರೊಕ್ಕದ ಲೆಕ್ಕ ಅದು. ಅವರಿಗೇ ಹೆಂಗ ತೋರಸಾಕ ಬರತೈತಿ?"

ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಈ ಪಾಠ ಹೇಳಿಸಿಕೊಂಡು ಊರಿಗೆ ಮರಳಿದೆ.

5. ದುರುಗಮ್ಮನ ಮಗಳು ಎಲ್ಲಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಒಂಬತ್ತು ತುಂಬಿದೆ. ಬಾಗಿಲ ಜಾಗದಲ್ಲಿ ಮನೆಯ ಒಂದೇ ಕೌದಿಯನ್ನು ನೇತುಹಾಕಿದ್ದಾರೆ. ಸೂಲಗಿತ್ತಿ ವಿರೂಪಮ್ಮ ಹೊಸ್ತಿಲಲ್ಲೇ ನಿಂತು ಹೇಳಿಬಿಟ್ಟಳು: "ನಾಯಿ, ಹಂದಿ, ಊರ ಗಂಡಸ್ರು ಹಣಿಕಿ ಹಾಕೋ ಮನ್ಯಾಗ ನಾ ಕೈ ಹಚ್ಚಂಗಿಲ್ಲ. ಮೊದಲ ಕದ ತರ್ರಿ."

ಕಾರಣ, ಭಾಷಣದ ಖರ್ಚನ್ನು ಬಾಬು ಬಾಬಾಗಿ ಬರೆಸಿ ನಮ್ಮೂರ ಚಾವಡಿಯಲ್ಲಿ ಅಂಟಿಸಬೇಕು. ಹಾರ, ಸೋಡಾ, ಮೋಟಾರಿನ ಎಣ್ಣೆ ಎಷ್ಟಾದರೂ ಆಗಿರಲಿ, ಕೇಳುವುದಿಲ್ಲ. ಹಲಗೆಗಳ ಬಾಡಿಗೆ ಪಡೆದವರ ಹೆಸರು ಹತ್ತು ಜನರೆದುರು ಬಂದರೆ ಸಾಕು. ಆ ಹಲಗೆ ಯಾರ ಮನೆಯದೆಂದು ಹೇಳಲು ಇಡೀ ಕೇರಿ ಸಿದ್ಧವಿದೆ. ಇದಕ್ಕೆ ವಿರೂಪಮ್ಮ ಕೊಟ್ಟಿರುವ ವಾಯಿದೆ ಎಂಟು ದಿನ. ಸರ್ಕಾರದ ವಾಯಿದೆ ಅದಕ್ಕಿಂತ ದೊಡ್ಡದಿರಬಹುದು. ಆದರೆ ಕೂಸಿಗೆ ಆ ವಿಷಯ ತಿಳಿಸುವ ಕ್ರಮ ನಮಗೆ ಗೊತ್ತಿಲ್ಲ.

ತೆರೆದ ಮನೆಯ ಪರವಾಗಿ, ತಮ್ಮ ವಿಶ್ವಾಸಿ,
ಹಂಪಯ್ಯ

ದುರುಗಮ್ಮನ ಎಡಗೈ ಹೆಬ್ಬೆಟ್ಟಿನ ಗುರುತು

ಲಗತ್ತುಗಳು:
1) ಚೌಕಟ್ಟಿನಲ್ಲೇ ಉಳಿದ ಚಿಲಕದ ಕೊಂಡಿ, ಒಂದು. ಬಾಗಿಲ ಚಿಲಕಕ್ಕೆ ತಾಳೆ ನೋಡಿ ಹಿಂದಿರುಗಿಸಬೇಕು.
2) ಚೌಕಟ್ಟಿನ ಎತ್ತರ, ಅಗಲ ಅಳೆದ ದಾರ, ಗಂಟು ಹಾಕಿದ್ದು.

ಕಡೆಯ ಕೋರಿಕೆ: ಬಾಗಿಲು ಸಿಗದೇ ಹೋದ ಪಕ್ಷದಲ್ಲಿ, ಖರ್ಚಿನ ವಿವರವನ್ನು ಕಾಗದದ ಮೇಲೆ ಬೇಡ, ಎರಡನೆಯ ಲಗತ್ತಿನ ದಾರದ ಅಳತೆಯ ಗಟ್ಟಿ ಹಲಗೆಯ ಮೇಲೆ ಬರೆಸಿ, ಚಾವಡಿಯ ಬದಲು ದುರುಗಮ್ಮನ ಚೌಕಟ್ಟಿಗೆ ಹಚ್ಚಿಸಬೇಕಾಗಿ ಪ್ರಾರ್ಥನೆ. ಬರಹ ಸಾರ್ವಜನಿಕರಿಗೆ ಕಾಣುವಂತೆ ಹೊರಮೈಗೆ ಇರಲಿ. ಒಳಮೈಗೆ ಒಂದು ಅಗುಳಿ ಸಾಕು.